ಚಿಗರಿ ಶಿಕಾರಿಗೆ ಬುತ್ತಿ ಕಟ್ಟಿದ್ದು

ನವಲಗುಂದದಿಂದ ಅಣ್ಣಿಗೇರಿಯ ಕಡೆಗೆ ಬಸ್ಸಿನಲ್ಲಿ ಹೊರಟರೆ, ನಮ್ಮೂರಿನ ಕ್ರಾಸು ದಾಟಿದ ಮೇಲೆ ಎಡಗಡೆಗೆ ಒಂದು ಕಡಲೆ ಹೊಲ ಬರುತ್ತದೆ. ಹೊಲದ ನಡುವೆ ಒಂದು ಬೆದರುಗೊಂಬೆ. ಎಲ್ಲ ಬೆದರುಗೊಂಬೆಗಳ ಹಾಗೆ ಅದಕ್ಕೂ ಗಡಿಗೆಯ ತಲೆ, ಸುಣ್ಣದ ಕಣ್ಣು. ಆದರೆ ಮೈಮೇಲಿನ ಅಂಗಿ ಮಾತ್ರ ಹರಕು ಚಿಂದಿಯಲ್ಲ. ಹಸಿರು, ಕಂದು, ಕಪ್ಪು ಮಚ್ಚೆಗಳಿರುವ, ಎದೆಗೆರಡು ಸೊಂಟಕ್ಕೆರಡು ಕಿಸೆಗಳಿರುವ, ಹೊಸದೇ ಎನ್ನಬಹುದಾದ ಮಿಲಿಟರಿ ಮಾದರಿಯ ಜಾಕೀಟು. ಬಸ್ಸಿನ ಮಂದಿ ಕಿಟಕಿಯಿಂದ ಬಗ್ಗಿ ನೋಡುತ್ತಾರೆ. "ಇದ್ಯಾವ ಸಾಹುಕಾರನ ಬೆದರಗೊಂಬಿನೋ ಮಾರಾಯಾ!" ಎಂದು ಒಬ್ಬಾತ ನನ್ನ ಬಾಜೂಕೇ ಕೂತು ಉದ್ಗರಿಸಿದ್ದುಂಟು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಆಗಬಾರದೆಂದು ನಾನು ಟಿಕೀಟು ಓದುತ್ತ ಸುಮ್ಮನೆ ಕೂತೆ. ಆ ಜಾಕೀಟು ನನ್ನದು.

ಅದನ್ನು ನಾನು ಕೊಂಡದ್ದು ಶಿಕಾರಿಗೆಂದು. ಗಾಬರಿಯಾಗಬೇಡಿ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆತನ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬೇಟೆ ಎಂಬ ಮಾತು ಕಿವಿಗೆ ಬಿದ್ದರೂ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಏಳು ತಲೆಮಾರಿನಲ್ಲಿ ಯಾರೂ ಒಂದು ಗುಬ್ಬಿಗೆ ಕಲ್ಲು ಬೀರಿದವರಲ್ಲ. ಅದರ ಮೇಲೆ ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ಮುಟ್ಟಿದವನನ್ನು ಸರಕಾರ ಜೈಲಿಗೆ ಕಳಿಸುತ್ತದೆ, ಕಳಿಸಲೇಬೇಕು. ನನ್ನ ಶಿಕಾರಿಯ ಹತ್ಯಾರವೆಂದರೆ ಒಂದು ಪೆನ್ಸಿಲು ಮತ್ತು ಒಂದು ಡ್ರಾಯಿಂಗ್ ಪ್ಯಾಡು.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ಈ ಸೀಮೆಯ ಶಾಲೆಗಳ ಗೋಡೆಗಳ ಮೇಲೆ ನಾನು ಬಿಡಿಸಿದ ಚಿಗರಿಗಳು ಇನ್ನೂ ಓಡುತ್ತಿವೆ. ಎಲ್ಲವೂ ಕ್ಯಾಲೆಂಡರ್ ನೋಡಿ ಬಿಡಿಸಿದವು. ಕೋಡು, ಕಣ್ಣು, ಕರಿಯ ಬೆನ್ನು, ಬಿಳಿಯ ಹೊಟ್ಟೆ ಎಲ್ಲ ಸರಿಯಾಗಿ ಬರುತ್ತಿದ್ದವು. ಕಾಲು ಮಾತ್ರ ಕೈಕೊಡುತ್ತಿತ್ತು. ಒಮ್ಮೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಗೋಡೆಯ ಮುಂದೆ ನಿಂತು, "ಮಾಸ್ತರ, ಆಡು ಭಾಳ ಚಂದ ಬಂದೈತ್ರಿ" ಎಂದು ನನ್ನ ಬೆನ್ನು ತಟ್ಟಿದರು. ನಾನು "ಥ್ಯಾಂಕ್ಸ್ ರೀ ಸರ್" ಅಂದೆ. ಇನ್ನೇನು ಅನ್ನಲಿ? ಸರ್ವೀಸಿನಿಂದ ಇಳಿದ ಮೇಲೆ ಜೀವಂತ ಚಿಗರಿಯ ಮುಂದೆ ಕೂತು ಅದರ ಕಾಲನ್ನೊಮ್ಮೆ ಸರಿಯಾಗಿ ಬಿಡಿಸಬೇಕೆಂಬ ಹಟ ಆವಾಗಿನಿಂದ ಹೊಟ್ಟೆಯಲ್ಲಿ ಕೂತಿತ್ತು.

ಆದರೆ ಆ ಹಟ ಎದ್ದು ಕುಣಿಯತೊಡಗಿದ್ದು ಈ ಚಳಿಗಾಲದಲ್ಲಿ. ಅದಕ್ಕೆ ಕಾರಣ ಚಿಗರಿಯಲ್ಲ, ಮನೆಯೊಳಗಿನ ಮೌನ. ದಸರೆಯ ಹೊತ್ತಿಗೆ ನನ್ನ ಹೆಂಡತಿ ನೀಲವ್ವ ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲಿನ ಹತ್ತಿರ ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಹುಬ್ಬಳ್ಳಿಯಲ್ಲಿ ರಾಡು ಹಾಕಿದರು. ಎಲುಬು ಚೆನ್ನಾಗಿಯೇ ಕೂಡಿತು. ಡಾಕ್ಟರರು ಎಕ್ಸ್‌ರೇ ಫೋಟೋ ಹಿಡಿದು ತೋರಿಸಿ, "ನನ್ನ ಕೆಲಸ ಮುಗೀತ್ರಿ, ಇನ್ನ ನಿಮ್ಮ ಕೆಲಸ. ದಿನಾ ನಡೀರಿ. ಈಗ ನಡೀಲಿಲ್ಲಂದ್ರ ಕಾಲು ಬಿಗೀತೈತಿ, ಆಮ್ಯಾಲ ಜನ್ಮಪೂರ್ತಿ ಕೋಲೇ ಗತಿ" ಎಂದರು. ನೀಲವ್ವ ಹೂಂ ಅಂದಳು. ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು. ಕೂತವಳು ಏಳಲಿಲ್ಲ.

ಏಳಲಿಲ್ಲ ಅಂದರೆ ಅಡುಗೆಮನೆಗೆ, ದೇವರ ಜಗಲಿಗೆ ಕೋಲೂರಿಕೊಂಡು ಹೋಗುತ್ತಿದ್ದಳು. ಹೊಸ್ತಿಲ ಆಚೆ ಮಾತ್ರ ಇಲ್ಲ. "ಶಾಲಿ ಮೈದಾನದ ತನಕ ಹೋಗಿ ಬರೂಣು ನಡಿ" ಎಂದು ನಾನು ದಿನಾ ಕರೆಯುತ್ತಿದ್ದೆ.

"ಅಲ್ಲೇನೈತಿ?"

"ಏನಿಲ್ಲ. ಸುಮ್ನ ನಡಿಯೂದು."

"ಸುಮ್ನ ನಡಿಯೂದು ನನಗ ಗೊತ್ತಿಲ್ರಿ. ಹೊಲಕ್ಕ ಹೋಗಬೇಕಂದ್ರ ನಡದೇನಿ, ನೀರಿಗೆ ನಡದೇನಿ, ಸಂತಿಗೆ ನಡದೇನಿ. ಕೆಲಸಿಲ್ಲದ ಕೈ ಬೀಸ್ಕೋತ ಊರ ಮಂದಿ ಮುಂದ ಅಡ್ಡಾಡಂದ್ರ ನನಗ ನಾಚಿಕಿ ಬರತೈತಿ."

ಇದು ನೆವ ಎಂದು ನನಗೆ ಗೊತ್ತಿತ್ತು, ನಿಜ ಎಂದೂ ಗೊತ್ತಿತ್ತು. ನಮ್ಮ ಕಡೆಯ ಹೆಂಗಸರ ಕಾಲಿಗೆ ಕೆಲಸ ಮುಂದೆ ಹೋಗಬೇಕು, ಆಮೇಲೆ ಕಾಲು ಹೋಗುತ್ತದೆ. ಆದರೆ ಅವಳು ಹೆದರಿದ್ದಳು ಕೂಡ. ಎಳ್ಳಮಾಸಿಯ ದಿನ ಊರಿಗೆ ಊರೇ ಬಂಡಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋಯಿತು. ಸಜ್ಜಿರೊಟ್ಟಿ, ಎಣ್ಣೆಗಾಯಿ, ಎಳ್ಳುಹೋಳಿಗೆಯ ಮೊದಲ ತುತ್ತನ್ನು ಭೂಮಿತಾಯಿಗೆ ಎರಚಿ ಆಮೇಲೆ ತಾವು ಉಣ್ಣುವ ಹಬ್ಬ ಅದು. ಮದುವೆಯಾಗಿ ಬಂದಾಗಿನಿಂದ ನೀಲವ್ವ ತಪ್ಪಿಸಿದವಳಲ್ಲ. ಈ ಸಲ ಬಂಡಿಗಳ ಗೆಜ್ಜೆ ಸಪ್ಪಳ ಓಣಿಯಿಂದ ದೂರ ಹೋಗುವ ತನಕ ಕಟ್ಟೆಯ ಮೇಲೆ ಕೂತಿದ್ದು, ಆಮೇಲೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಅವತ್ತು ನನಗೆ ನಿಜಕ್ಕೂ ಭಯವಾಯಿತು.

ಮನೆಯೊಳಗೆ ಮಾತು ಕಡಿಮೆಯಾದರೆ ಗಂಡಸರು ಮೊಬೈಲು ತೆರೆಯುತ್ತಾರೆ. ನಾನೂ ತೆರೆದೆ. ಚಿಗರಿ ಎಂದು ಹುಡುಕಿದವನಿಗೆ ಅದು ಹೇಗೋ ಅಮೆರಿಕದ ಒಬ್ಬ ದೊಡ್ಡ ಟೋಪಿಯವನನ್ನು ತಂದು ಕೊಟ್ಟಿತು. ಅಲ್ಲಿ ಪ್ರಾಂಗ್‌ಹಾರ್ನ್ ಎಂಬ, ನಮ್ಮ ಚಿಗರಿಯ ದೂರದ ಬೀಗರಂತಿರುವ ಪ್ರಾಣಿಯಿದೆಯಂತೆ. ಅದನ್ನು ಯಾರ ಸಹಾಯವೂ ಇಲ್ಲದೆ, ಸರಕಾರಿ ಬಯಲಿನಲ್ಲಿ, ಮೊದಲ ಸಲ ಶಿಕಾರಿ ಮಾಡುವವರು ಹೇಗೆ ತಯಾರಾಗಬೇಕೆಂದು ಆ ಮಹಾರಾಯ ಹೇಳುತ್ತಿದ್ದ. ಗಾಳಿ ಎದುರಿಗಿರಬೇಕು. ಸೂರ್ಯ ಬೆನ್ನಿಗಿರಬೇಕು. ಬಯಲಿಗೆ ಹೊಂದುವ ಮಚ್ಚೆಯಂಗಿ ತೊಡಬೇಕು. ಹೊಟ್ಟೆಯ ಮೇಲೆ ತೆವಳಬೇಕು. ಉಸಿರೂ ಸಪ್ಪಳಾಗಬಾರದು. ಕೊನೆಗೆ ಅವನು ಬಂದೂಕು ಎತ್ತುವ ಹೊತ್ತಿಗೆ ನಾನು ವಿಡಿಯೋ ಬಂದ್ ಮಾಡುತ್ತಿದ್ದೆ. ನನಗೆ ಬೇಕಾದದ್ದು ಅಲ್ಲಿಯ ತನಕದ ವಿದ್ಯೆ ಮಾತ್ರ.

ಸರಕಾರಿ ಬಯಲಿಗೆ ನಮ್ಮಲ್ಲೇನು ಕೊರತೆ? ಊರ ಹಿಂದೆ ಗಾಯರಾಣವಿದೆ, ದನ ಮೇಯಲು ಬಿಟ್ಟ ಜಾಗ. ಯಾರ ಅಪ್ಪಣೆಯೂ ಬೇಡ. ಅದಕ್ಕೆ ಹತ್ತಿದಂತೆ ಫಕ್ಕೀರಪ್ಪ ಕಾಕಾನ ಕಡಲೆ ಹೊಲ. ಆ ಬಯಲಿಗೆ ಚಿಗರಿಯ ಹಿಂಡು ಬರುತ್ತದೆಂದು ಊರಿಗೆಲ್ಲ ಗೊತ್ತು. ನಾನು ಕಾಕಾನ ಹತ್ತಿರ ಹೋಗಿ ಯಾವ ಹೊತ್ತಿಗೆ ಬರುತ್ತವೆಂದು ಕೇಳಿದೆ.

"ಅವನ್ನ ನೋಡಾಕ ನೀವ್ಯಾಕ ಹೋಗ್ತೀರಿ ಮಾಸ್ತರ?" ಎಂದ ಕಾಕಾ. "ನನ್ನ ಕಡ್ಲಿ ಹೊಲದಾಗ ಕುಂದರ್ರಿ. ಅವ ಬಂದು ನಿಮ್ಮನ್ನ ನೋಡತಾವು. ಬರೂಮುಂದ ಬರ್ರಿ ಅನ್ನಬ್ಯಾಡ್ರಿ, ಹೋಗೂಮುಂದ ಹೋಗ್ರಿ ಅನ್ನಬ್ಯಾಡ್ರಿ. ಹೊಟ್ಟಿತುಂಬ ಉಂಡು ಅವ ಎದ್ದು ಹೋಗತಾವು."

ನೀಲವ್ವನ ಉತ್ತರ ಇನ್ನೂ ಚುಟುಕು. "ಚಿಗರಿ ನೋಡಬೇಕಂದ್ರ ಹುಬ್ಬಳ್ಳಿಗೆ ಹೋಗ್ರಿ. ಧಾರವಾಡದ ತನಕ ಓಡ್ಕೋತನ ಇರತಾವು. ಒಳಗ ಏಸೀನೂ ಐತಿ." ಚಿಗರಿ ಎಂದು ಹೆಸರಿಟ್ಟ ಬಸ್ಸುಗಳ ಬಗ್ಗೆ ಅವಳು ಹಾಗೆ ಹೇಳಿದ್ದು. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಒಂದು ಚೇಷ್ಟೆಯ ಮಾತು ಬಂದದ್ದಕ್ಕೆ ನನಗೆ ಖುಷಿಯಾಯಿತು. ಶಿಕಾರಿಯ ತಯಾರಿಯನ್ನು ಇನ್ನಷ್ಟು ಜೋರಾಗಿ, ಅವಳ ಕಣ್ಣೆದುರೇ ನಡೆಸಿದೆ.

ನವಲಗುಂದದ ಪೇಟೆಯಿಂದ ಆ ಜಾಕೀಟು ಬಂತು. ಕನ್ನಡಿಯ ಮುಂದೆ ನಿಂತರೆ ಪೆನ್ಶನ್ ತಗೊಳ್ಳುವ ಸುಬೇದಾರನೇ. ಕೂರಲೆಂದು ಹಳೆಯ ಜಮಖಾನೆಯ ತುಂಡೊಂದನ್ನು ಸುತ್ತಿಟ್ಟೆ. ಅಮೆರಿಕದವನು ಗಾಳಿಯ ದಿಕ್ಕು ನೋಡಲು ಸಣ್ಣ ಬಾಟಲಿಯಿಂದ ಬಿಳಿ ಪುಡಿ ಹಾರಿಸುತ್ತಿದ್ದ. ನಮ್ಮ ಮನೆಯಲ್ಲಿ ಬಿಳಿ ಪುಡಿಗೇನು ಬರ? ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿಯನ್ನು ಕಿಸೆಗಿಳಿಸುವುದನ್ನು ನೀಲವ್ವ ನೋಡಿಬಿಟ್ಟಳು.

"ಈಬತ್ತಿ ಎಲ್ಲಿಗೆ?"

"ಗಾಳಿ ನೋಡಾಕ."

"ಯಾವ ಗಾಳಿ ಬಡದೈತೋ ನೋಡಿಸ್ಕೊಂಡ ಬರ್ರಿ" ಅಂದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹೊರಟೆ. ವಿಭೂತಿ ತೂರಿ ಗಾಳಿ ನೋಡಿದೆ. ಅರ್ಧ ನನ್ನ ಕಣ್ಣಿಗೇ ಬಂತು, ಅಂದರೆ ಗಾಳಿ ಎದುರಿಗೇ ಇತ್ತು. ದೂರದಲ್ಲಿ, ಬಿತ್ತದೆ ಹಕ್ಕಲು ಬಿದ್ದ ನೆಲದ ಮೇಲೆ, ಹಿಂಡು ನಿಂತಿತ್ತು. ಕಂದುಬಣ್ಣದ ಹೆಣ್ಣುಗಳು, ನಡುವೆ ಕರಿಬೆನ್ನಿನ ಒಂದು ಗಂಡು. ತಿರುಚಿದ ಕೋಡುಗಳ ನಡುವೆ ಬೆಳಕು ಕಾಣುತ್ತಿತ್ತು. ಶಾಸ್ತ್ರಪ್ರಕಾರ ಹೊಟ್ಟೆಯ ಮೇಲೆ ಬಿದ್ದು, ಕಾಕಾನ ಕಡಲೆ ಹೊಲದ ಅಂಚು ಹಿಡಿದು ತೆವಳತೊಡಗಿದೆ.

ಇಲ್ಲಿ ಅಮೆರಿಕದವನು ಹೇಳದೆ ಬಿಟ್ಟ ಸಂಗತಿಗಳು ಒಂದೊಂದೇ ಭೆಟ್ಟಿಯಾದವು. ಮೊದಲನೆಯದು ನೆಗ್ಗಿಲ ಮುಳ್ಳು. ಅದು ನಡೆಯುವವನ ಚಪ್ಪಲಿಗೆ ಚುಚ್ಚಿದರೆ ತೆವಳುವವನಿಗೆ ಎಲ್ಲೆಲ್ಲಿಯೂ ಚುಚ್ಚುತ್ತದೆ. ಆಮೇಲೆ ಕಡಲೆಯ ಹುಳಿ. ಮುಂಜಾನೆಯ ಕಡಲೆ ಗಿಡದ ಮೇಲಿನ ಇಬ್ಬನಿ ಬರಿಯ ನೀರಲ್ಲ, ನಾಲಿಗೆಗಿಟ್ಟರೆ ಹಲ್ಲು ಚುಳ್ಳೆನ್ನುವ ಹುಳಿ. ನಮ್ಮ ಅವ್ವ ಬಿಳಿಯ ಅರಿವೆಯನ್ನು ಗಿಡಗಳ ಮೇಲೆ ಹಾಸಿ, ಅದು ತೊಯ್ದ ಮೇಲೆ ಹಿಂಡಿ, ಆ ಹುಳಿಯನ್ನು ಬಾಟಲಿಯಲ್ಲಿ ಹೊಟ್ಟೆನೋವಿನ ಔಷಧಿಗೆಂದು ಇಡುತ್ತಿದ್ದಳು. ಹುಡುಗರಾದ ನಾವು ಕದ್ದು ನೆಕ್ಕಿ ಮುಖ ಕಿವುಚುತ್ತಿದ್ದೆವು. ಮುಳ್ಳು ಗೀರಿದ ಮೊಣಕೈಗೆ ಆ ಹುಳಿ ಹತ್ತಿದರೆ ಏನಾಗುತ್ತದೆಂದು ಮಾತ್ರ ತಿಳಿದಿರಲಿಲ್ಲ. ಬಾಯಿ ಬಿಟ್ಟು ಅಳುವಂತಿಲ್ಲ, ಉಸಿರೂ ಸಪ್ಪಳಾಗಬಾರದು.

ಹಿಂಡಿನ ಗಂಡು ತಲೆಯೆತ್ತಿ ನೇರ ನನ್ನನ್ನೇ ನೋಡಿತು. ಕರಿ ಎರೆಮಣ್ಣಿನ ಮೇಲೆ ಹಸಿರು ಮಚ್ಚೆಯ ಜಾಕೀಟು ಅದಕ್ಕೆ ಎಷ್ಟು ದೂರದಿಂದ ಕಂಡಿತ್ತೋ ಏನೋ. ಅದೇ ಹೊತ್ತಿಗೆ ಹಿಂದಿನಿಂದ "ಯಾವನಲೇ ಅದು!" ಎಂಬ ಗರ್ಜನೆ. ಜೊತೆಗೇ ಕವಣೆಯ ಕಲ್ಲೊಂದು ಸೊಂಯ್ ಎಂದು ನನ್ನ ತಲೆಯ ಪಕ್ಕ ಬಂದು ಬಿತ್ತು. ನಾನು ಎದ್ದು ಎರಡೂ ಕೈ ಮೇಲೆತ್ತಿದೆ.

"ಅಯ್ಯ ಶಿವನ, ಮಾಸ್ತರ! ನೀವೇನ್ರಿ?" ಫಕ್ಕೀರಪ್ಪ ಕಾಕಾ ಓಡಿಬಂದ. "ನಾ ಹಂದಿ ಅಂತ ತಿಳಕೊಂಡಿದ್ನಿ!"

ತಿರುಗಿ ನೋಡಿದರೆ ಹಿಂಡು ಆಗಲೇ ಹೊರಟಿತ್ತು. ಒಂದರ ಹಿಂದೊಂದು ಆಕಾಶಕ್ಕೆ ಜಿಗಿದು ಜಿಗಿದು ಹೋದವು. ನಾಲ್ಕೂ ಕಾಲು ನೆಲ ಬಿಟ್ಟಾಗ ಹೇಗಿರುತ್ತವೆಂದು ನೋಡಿದೆ, ಆದರೆ ಪೆನ್ಸಿಲು ಜಾಕೀಟಿನ ಯಾವ ಕಿಸೆಯಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಬಯಲು ಖಾಲಿ. ಕಾಕಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಓಡಿಬಿಟ್ಟಾವ್ರಿ ಅಗದಿ! ಈ ಅಂಗಿ ನನಗ ಕೊಡ್ರಿ ಮಾಸ್ತರ. ನನ್ನ ಬೆದರಗೊಂಬಿಗೆ ಅವು ಇಷ್ಟ ಅಂಜಿದ್ದ ನಾ ನೋಡಿಲ್ಲ" ಎಂದ. ಅಲ್ಲೇ ಬಿಚ್ಚಿ ಕೊಟ್ಟೆ.

ಮನೆಗೆ ಬಂದು ನೀಲವ್ವನಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡುವಂತೆಯೂ ಇರಲಿಲ್ಲ, ಮೊಣಕೈ ಮೊಣಕಾಲು ತಾವೇ ಹೇಳುತ್ತಿದ್ದವು. ಅವಳು ಬಿಸಿನೀರು ಹಚ್ಚುತ್ತ ಮುಳ್ಳು ಕೀಳುತ್ತ ಕೇಳಿದಳು. ಹಂದಿಯ ಮಾತು ಬಂದಾಗ ತುಟಿ ಬಿಗಿಹಿಡಿದಳು. ಆಮೇಲೆ ತಡೆಯಲಾಗಲಿಲ್ಲ. "ವರ್ಷಾ ಅರಿವಿ ಹಾಸಿ ಹುಳಿ ಹಿಂಡತಿದ್ವಿ. ಈ ವರ್ಷ ನಿಮ್ಮನ್ನ ಹಿಂಡಬೇಕಾತು" ಎಂದು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ದಸರೆಯಿಂದ ಈಚೆ ಆ ನಗು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಮುಳ್ಳು ಇನ್ನಷ್ಟು ಇದ್ದಿದ್ದರೂ ನಡೆಯುತ್ತಿತ್ತು ಅನಿಸಿತು.

ನಕ್ಕು ಮುಗಿದ ಮೇಲೆ ಅಂದಳು, "ಅಲ್ರೀ, ಕಳ್ಳನಂಗ ಹೋದ್ರ ಯಾರರ ಓಡದ ಏನ ಮಾಡತಾರ?"

ಆ ಮಾತು ಕೇಳಿ ನನಗೆ ಎಂದಿನದೋ ನೆನಪಾಯಿತು. ಸಣ್ಣವನಿದ್ದಾಗ ಮೆಣಸಿನಕಾಯಿ ಬಿಡಿಸಲು ಅವ್ವನ ಜೊತೆ ಹೊಲಕ್ಕೆ ಹೋಗುತ್ತಿದ್ದೆ. ಹೆಂಗಸರ ಸಾಲು ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತು, ಅಳ್ಳು ಹುರಿದಂತೆ ಮಾತಾಡುತ್ತ ನಡೆಯುತ್ತಿತ್ತು. ಹಾದಿಯ ಬಾಜೂಕೇ ಚಿಗರಿಗಳು ಮೇಯುತ್ತಿದ್ದವು. ತಲೆಯೆತ್ತಿ ನೋಡಿ, ಇವರು ದಿನದ ಮಂದಿಯೇ ಎಂದು ಮತ್ತೆ ತಲೆ ಬಗ್ಗಿಸುತ್ತಿದ್ದವು. ಒಂದು ದಿನ ನಮ್ಮಪ್ಪ ಕೋರ್ಟಿನ ಕೆಲಸ ಮುಗಿಸಿ ಕರಿ ಕೋಟು, ಕೊಡೆ ಸಮೇತ ನೇರ ಹೊಲಕ್ಕೆ ಬಂದಾಗ ಹಿಂಡಿಗೆ ಹಿಂಡೇ ಓಟ ಕಿತ್ತಿತು. "ಚಿಗರಿಗೂ ಕೋರ್ಟಂದ್ರ ಅಂಜಿಕಿ" ಎಂದು ಅವ್ವ ವರ್ಷಗಟ್ಟಲೆ ಆಡಿಕೊಂಡಳು. ಇಷ್ಟೆಲ್ಲ ಕಣ್ಣಾರೆ ಕಂಡಿದ್ದ ನಾನು ಅಮೆರಿಕದ ಟೋಪಿಯವನ ಶಿಷ್ಯನಾಗಿದ್ದೆ. ಬಯಲಿನಲ್ಲಿ ಅಡಗಬಾರದು. ಹೊಲಕ್ಕೆ ಹೋಗುವವರ ಹಾಗೆ ಹೋಗಬೇಕು, ಬುತ್ತಿ ಹೊತ್ತು.

ಆದರೆ ಬುತ್ತಿ ಹೊರುವವರು ಯಾರು? ನಾನೇ ಹೊರುತ್ತೇನೆಂದು ತೀರ್ಮಾನಿಸಿದೆ. ಅಟ್ಟದ ಮೇಲಿನ ಹಳೆಯ ಬುಟ್ಟಿ ಇಳಿಸಿ, ಒಳಗೆ ನಾಲ್ಕು ಕಟಕರೊಟ್ಟಿ ಇಟ್ಟು, ಟಾವೆಲ್ಲನ್ನು ಸಿಂಬಿ ಸುತ್ತಿ, ತಲೆಯ ಮೇಲೆ ಹೊತ್ತು ಅಂಗಳದಲ್ಲಿ ನಡೆಯುವ ಅಭ್ಯಾಸ ಶುರುಮಾಡಿದೆ. ನೀಲವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಮೊದಲ ಸುತ್ತಿಗೆ ಬುಟ್ಟಿ ಕಿವಿಯ ಮೇಲೆ ಬಂತು. ಮುಂದಿನ ಸುತ್ತಿಗೆ ರೊಟ್ಟಿಗಳು ಅಂಗಳದ ತುಂಬ ಚೂರಾದವು. ಮತ್ತೆ ರೊಟ್ಟಿ ತರಲು ಹೊರಟಾಗ ಅವಳಿಗೆ ತಡೆಯಲಾಗಲಿಲ್ಲ.

"ಇಳಸ್ರಿ ಅದನ್ನ! ಅನ್ನದ ಬುಟ್ಟಿ ಅದು, ಚಂಡಿನ ಆಟ ಅಲ್ಲ. ಸಿಂಬಿ ಹಂಗ ಸುತ್ತತಾರೇನು?"

"ಹ್ಯಾಂಗ ಸುತ್ತತಾರ ಮತ್ತ?"

ಕೋಲೂರಿ ಎದ್ದು ಬಂದಳು. ಟಾವೆಲ್ಲು ಕಸಿದು, ಕೊಡವಿ, ಎರಡೇ ಸುತ್ತಿನಲ್ಲಿ ಸಿಂಬಿ ಮಾಡಿ ತನ್ನ ತಲೆಯ ಮೇಲಿಟ್ಟು, ಬುಟ್ಟಿ ಎತ್ತಿಕೊಂಡಳು. ಅಂಗಳದ ಆ ತುದಿಗೆ ಹೋಗಿ ತಿರುಗಿ ಬಂದಳು. ಬುಟ್ಟಿ ಅಲುಗಲಿಲ್ಲ. ಕಾಲು ಮಾತ್ರ ಸ್ವಲ್ಪ ಎಳೆಯುತ್ತಿತ್ತು. ಶಿಕಾರಿಯವನಿಗೆ ಉಸಿರು ಬಿಗಿಹಿಡಿಯುವುದು ಗೊತ್ತಿರಬೇಕಲ್ಲ, ಅಮೆರಿಕದವನ ಆ ಒಂದು ವಿದ್ಯೆ ಆಗ ಉಪಯೋಗಕ್ಕೆ ಬಂತು.

"ನಿಮ್ಮ ಕೈಲೆ ಇದು ಆಗೂದಲ್ಲ" ಎಂದಳು ಕೊನೆಗೆ. "ನಾಳಿ ನಾನ ಬರತೇನಿ. ನಿಮ್ಮ ಚಿಗರಿ ಸಲುವಾಗಿ ಅಲ್ಲ. ಬುತ್ತಿ ಮರ್ಯಾದಿ ಸಲುವಾಗಿ."

ಮುಂಜಾನೆ ಅವಳೇ ಎದ್ದು ರೊಟ್ಟಿ ಬಡಿದಳು. ಬರೀ ಬುಟ್ಟಿ ಹೊಲಕ್ಕೆ ಒಯ್ಯಬಾರದೆಂದು ಬದನೆಕಾಯಿ ಪಲ್ಲೆ, ಶೇಂಗಾ ಚಟ್ನಿ, ಮೊಸರು ಎಲ್ಲ ಕಟ್ಟಿದಳು. ಸ್ಕೂಟರಿನ ಮೇಲೆ ಬಂಡಿದಾರಿಯ ಬೇವಿನಮರದ ತನಕ ಕರೆದುಕೊಂಡು ಹೋದೆ. ಅಲ್ಲಿಂದ ಮುಂದೆ ಕಾಲುದಾರಿ. ಅವಳು ಬುತ್ತಿ ಹೊತ್ತು, ಕೋಲನ್ನು ನನ್ನ ಕಡೆ ಚಾಚಿದಳು.

"ಇದನ್ನ ನೀವ ಹಿಡೀರಿ. ನನಗ ಬುತ್ತಿಗೆ ಕೈ ಬೇಕು."

ನಾನು ಕೋಲು ಹಿಡಿದುಕೊಂಡು ಹಿಂದೆ ಹೊರಟೆ. ಬಿದ್ದರೆ ಹಿಡಿಯಬೇಕೆಂದು ಎರಡು ಹೆಜ್ಜೆ ಹಿಂದೆಯೇ ಇದ್ದೆ. ಅವಳು ನಡೆಯುತ್ತ ನಡೆಯುತ್ತ ಮಾತು ಶುರುಮಾಡಿದಳು. ಮೊನ್ನೆ ಮಿಶ್ರಿಕೋಟಿಯಿಂದ ಮಗಳು ಫೋನಿನಲ್ಲಿ ಹೇಳಿದ ಸುದ್ದಿ, ಆ ಊರಿನ ಭತ್ತದ ಸುದ್ದಿ, ಬೀಗಿತ್ತಿಯ ಹೊಸ ಮಿಕ್ಸರಿನ ಸುದ್ದಿ. ಗಾಯರಾಣದಲ್ಲಿ ಹಿಂಡು ಕಂಡಿತು. ನಾನು ಗಾಬರಿಯಿಂದ "ಶ್ಶ್!" ಅಂದೆ.

"ಯಾಕ ಸುಮ್ನಾಗಲಿ? ಹೆಂಗಸರು ಸುಮ್ನ ಹೊಂಟ್ರ ಅವಕ್ಕ ಸಂಶೆ ಬರತೈತಿ" ಎಂದು ಅವಳು ಮಿಕ್ಸರಿನ ಕತೆ ಮುಂದುವರಿಸಿದಳು.

ಕರಿಬೆನ್ನಿನ ಗಂಡು ತಲೆಯೆತ್ತಿತು. ಬುತ್ತಿಯ ಬುಟ್ಟಿ ನೋಡಿತು, ಕೋಲು ಹಿಡಿದ ಮುದುಕನನ್ನು ನೋಡಿತು. ಕಿವಿ ಒಮ್ಮೆ ಆಡಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ನಾವು ಕಾಕಾನ ಬದುವಿನ ತನಕ ಹೋಗಿ, ಜಮಖಾನೆ ಹಾಸಿ ಕೂತರೂ ಅವು ಹೋಗಲಿಲ್ಲ. ಅಷ್ಟು ಹತ್ತಿರದಿಂದ ನಾನು ಚಿಗರಿಯನ್ನು ಹುಡುಗನಾಗಿದ್ದಾಗ ಮಾತ್ರ ನೋಡಿದ್ದೆ.

ನೀಲವ್ವ ಬುತ್ತಿ ಬಿಚ್ಚಿದಳು. ಮೊದಲ ರೊಟ್ಟಿ ಮುರಿದು, ಪಲ್ಲೆ ಹಚ್ಚಿ, ನಾನು ಕೈ ಚಾಚಿದರೂ ನನಗೆ ಕೊಡದೆ ಎದ್ದು ನಿಂತಳು. ಬದುವಿನ ಉದ್ದಕ್ಕೂ ನಿಧಾನ ನಡೆಯುತ್ತ ಚೂರು ಚೂರಾಗಿ ಹೊಲದೊಳಗೆ ಎರಚಿದಳು. "ಎಳ್ಳಮಾಸಿಗೆ ಬರಾಕ ಆಗಲಿಲ್ಲವ್ವಾ ತಾಯಿ, ಹೊಟ್ಯಾಗ ಹಾಕ್ಕೊ. ತಡಾ ಆದ್ರೂ ತಂದೇನಿ" ಎಂದು ನೆಲದ ಜೊತೆ ಮಾತಾಡಿದಳು. ನಾನು ಪ್ಯಾಡು ತೆಗೆದು ಪೆನ್ಸಿಲು ಹಿಡಿದೆ.

ಅವಳು ತಿರುಗಿ ಬಂದು ಕೂತು, ಉಂಡು, ಕೈ ತೊಳೆದು, ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಇದರಾಗ ಚಿಗರಿ ಎಲ್ಲಿ ಅದಾವು?"

"ಹಿಂದ ಅದಾವ ನೋಡು, ಸಣ್ಣಾಗಿ."

"ಇವು ಆಡು ಅದಾವು" ಎಂದಳು. ಆಮೇಲೆ ಹಾಳೆಯ ನಡುವೆ ಬದುವಿನ ಮೇಲೆ ನಡೆಯುತ್ತಿದ್ದ ಹೆಂಗಸಿನ ಕಾಲಿನ ಮೇಲೆ ಬೆರಳಿಟ್ಟಳು. "ನಾ ಇಷ್ಟು ಕುಂಟತೇನೇನ್ರಿ?"

ಜನ್ಮದಲ್ಲಿ ಮೊದಲ ಸಲ ಒಂದು ಕಾಲನ್ನು ಕಂಡ ಹಾಗೇ ಬಿಡಿಸಿದ್ದೆ. ಹೂಂ ಅಂದೆ.

ಅವಳು ಬುಟ್ಟಿಯೊಳಗೆ ಡಬ್ಬಿಗಳನ್ನು ಜೋಡಿಸಿ, ಸಿಂಬಿ ಸುತ್ತಿ, ನನ್ನ ಪಕ್ಕದಲ್ಲಿದ್ದ ಕೋಲನ್ನು ನೋಡಿದರೂ ಕೇಳದೆ ಎದ್ದಳು.

"ನಾಳಿ ಮತ್ತ ಬರೂಣು. ನಾ ನೆಟ್ಟಗ ನಡೀತೇನಿ, ನೀವು ನೆಟ್ಟಗ ತಗೀರಿ."